ಪ್ರೊಲ್ಯಾಕ್ಟಿನ್ ಹೆಚ್ಚಾದಾಗ: ಕ್ಯಾಬರ್ಗೊಲಿನ್, ಬ್ರೊಮೊಕ್ರಿಪ್ಟಿನ್, ಅಥವಾ ಯಾವುದೂ ಬೇಡವೇ?

ಮುಟ್ಟು ತಿಂಗಳುಗಟ್ಟಲೆ ತಪ್ಪಿದೆ. ಹಾಲೂಡಿಸುವ ಮಗುವಿಲ್ಲದಿದ್ದರೂ ಮೊಲೆಯಲ್ಲಿ ಹಾಲು ಒಸರುತ್ತಿದೆ. ಇಲ್ಲವೇ ಮಕ್ಕಳಾಗಲಿಲ್ಲವೆಂದು ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ರಕ್ತದ ವರದಿಯಲ್ಲಿ ಪ್ರೊಲ್ಯಾಕ್ಟಿನ್ (ಮೊಲೆಯಲ್ಲಿ ಹಾಲು ಬರಿಸುವ ಹಾರ್ಮೋನು) ಎಂಬ ಸಾಲಿನ ಮುಂದೆ ಇರಬೇಕಾದ್ದಕ್ಕಿಂತ ದೊಡ್ಡ ಅಂಕಿ ಬಂದಿದೆ. ಆಮೇಲೆ ಕೈಗೆ ಬರುವ ಔಷಧಿ ಚೀಟಿಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಹೆಸರಿರುತ್ತದೆ: ಕ್ಯಾಬರ್ಗೊಲಿನ್ ಅಥವಾ ಬ್ರೊಮೊಕ್ರಿಪ್ಟಿನ್. ಎರಡೂ ಮಾಡುವ ಕೆಲಸ ಒಂದೇ. ಆದರೆ ತೆಗೆದುಕೊಳ್ಳುವ ರೀತಿ, ಕೊಡುವ ತೊಂದರೆ, ಕಾಯಬೇಕಾದ ಎಚ್ಚರ ಬೇರೆ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕಿತ್ಸೆ ನಿಜಕ್ಕೂ ಬೇಕಾದವರಲ್ಲಿ ಹೆಚ್ಚಿನವರಿಗೆ ಕ್ಯಾಬರ್ಗೊಲಿನ್ ಮೊದಲ ಆಯ್ಕೆಯಾಗಬೇಕು. ಬ್ರೊಮೊಕ್ರಿಪ್ಟಿನ್ ಮೇಲುಗೈ ಪಡೆಯುವ ಸಂದರ್ಭಗಳೂ ಇವೆ. ಆದರೆ ಈ ಎರಡರ ನಡುವೆ ಆರಿಸುವುದಕ್ಕಿಂತ ಮುಖ್ಯವಾದ ಆಯ್ಕೆ ಅದಕ್ಕೂ ಮೊದಲೇ ಬರುತ್ತದೆ. ಅಂಕಿ ಏಕೆ ಏರಿತು ಎಂದು ತಿಳಿಯದೆ ಮಾತ್ರೆ ಶುರು ಮಾಡುವುದೇ ಇಲ್ಲಿ ದೊಡ್ಡ ಅಪಾಯ. ಎಷ್ಟೋ ಜನಕ್ಕೆ ಈ ಮಾತ್ರೆಯ ಅಗತ್ಯವೇ ಇರುವುದಿಲ್ಲ.

ಅಂಕಿ ನಿಜವೇ ಎಂದು ಮೊದಲು ನೋಡಿ

ಪ್ರೊಲ್ಯಾಕ್ಟಿನ್ ಬಹಳ ಬೇಗ ಏರಿಳಿಯುವ ಹಾರ್ಮೋನು. ನಿದ್ದೆಯಲ್ಲಿ ಏರುತ್ತದೆ; ವ್ಯಾಯಾಮ, ಲೈಂಗಿಕ ಕ್ರಿಯೆ, ಆತಂಕ ಇವುಗಳಿಂದಲೂ ಏರುತ್ತದೆ. ಸೂಜಿ ಚುಚ್ಚಿಸಿಕೊಳ್ಳುವ ಭಯವೇ ಕೆಲವರಲ್ಲಿ ಅದನ್ನು ಮಿತಿಗಿಂತ ಮೇಲಕ್ಕೆ ಒಯ್ಯಬಹುದು. ಹೆಂಗಸರಲ್ಲಿ ಸುಮಾರು 25, ಗಂಡಸರಲ್ಲಿ ಸುಮಾರು 20 ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್‌ವರೆಗೆ ಸಹಜವೆಂದು ಬಹಳಷ್ಟು ಲ್ಯಾಬ್‌ಗಳು ಹಿಡಿಯುತ್ತವೆ. ನಿಮ್ಮ ವರದಿಯಲ್ಲಿ 35 ಅಥವಾ 40 ಬಂದಿದ್ದರೆ, ಎದ್ದು ಒಂದೆರಡು ಗಂಟೆ ಕಳೆದ ಮೇಲೆ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ದಣಿವಾರಿಸಿಕೊಂಡು, ಇನ್ನೊಮ್ಮೆ ರಕ್ತ ಕೊಡುವುದೇ ಮೊದಲ ಚಿಕಿತ್ಸೆ ಎನ್ನಬಹುದು. ಎರಡು ವರದಿಗಳನ್ನು ಹೋಲಿಸುವಾಗ ಅಳತೆಯ ಘಟಕವನ್ನೂ ನೋಡಿ. ಕೆಲವು ಲ್ಯಾಬ್‌ಗಳು ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಪ್ರತಿ ಲೀಟರ್ ಎಂದು ಬರೆಯುತ್ತವೆ, ಅದರಲ್ಲಿ ಅಂಕಿ ಸುಮಾರು 21 ಪಟ್ಟು ದೊಡ್ಡದಾಗಿ ಕಾಣುತ್ತದೆ. 500 ಎಂದು ಓದಿ ಗಾಬರಿಯಾದವರ ಪ್ರೊಲ್ಯಾಕ್ಟಿನ್ ನಿಜಕ್ಕೂ ಸಹಜವೇ ಆಗಿರಬಹುದು.

ಇನ್ನೊಂದು ಸಂಗತಿ ಮ್ಯಾಕ್ರೊಪ್ರೊಲ್ಯಾಕ್ಟಿನ್. ಕೆಲವರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಕಣಗಳು ಪ್ರತಿಕಾಯಗಳ ಜೊತೆ ಅಂಟಿಕೊಂಡು ದೊಡ್ಡ ಗುಂಪಾಗಿ ಓಡಾಡುತ್ತವೆ. ಈ ಗುಂಪು ದೇಹದ ಮೇಲೆ ಹೆಚ್ಚೇನೂ ಪರಿಣಾಮ ಬೀರುವುದಿಲ್ಲ, ಆದರೆ ಯಂತ್ರದ ಲೆಕ್ಕಕ್ಕೆ ಸಿಗುತ್ತದೆ. ಮುಟ್ಟು ಸರಿಯಾಗಿದೆ, ಹಾಲು ಒಸರುತ್ತಿಲ್ಲ, ಆದರೂ ಅಂಕಿ ಮಾತ್ರ ಹೆಚ್ಚಿದೆ ಎಂದಾದರೆ, ಮಾತ್ರೆ ಬರೆಸಿಕೊಳ್ಳುವ ಮುನ್ನ ‘ಮ್ಯಾಕ್ರೊಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಬಹುದೇ ಡಾಕ್ಟ್ರೇ?’ ಎಂದು ಕೇಳಿ. ಈ ಒಂದು ಪ್ರಶ್ನೆ ವರ್ಷಗಟ್ಟಲೆ ವೃಥಾ ಔಷಧಿ ತಿನ್ನುವುದನ್ನು ತಪ್ಪಿಸಬಲ್ಲದು.

ಇನ್ನು ನಿಜವಾಗಿಯೇ ಏರಿದ ಪ್ರೊಲ್ಯಾಕ್ಟಿನ್. ಇದಕ್ಕೆ ಬೇರೆ ಔಷಧಿಗಳೇ ಕಾರಣವಾಗಿರುವುದು ತೀರ ಸಾಮಾನ್ಯ. ವಾಂತಿಗೆ, ಹೊಟ್ಟೆಯುಬ್ಬರಕ್ಕೆ ಕೊಡುವ ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್, ಲೆವೊಸಲ್ಪಿರೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್, ರಕ್ತದೊತ್ತಡದ ವೆರಾಪಮಿಲ್, ಅಫೀಮಿನ ವರ್ಗದ ನೋವುನಿವಾರಕಗಳು: ಇವೆಲ್ಲ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಗ್ಯಾಸ್ಟ್ರಿಕ್ ಎಂದು ದಿನಾ ನುಂಗುವ ಕ್ಯಾಪ್ಸೂಲಿನಲ್ಲಿ ಡೊಂಪೆರಿಡೋನ್ ಸೇರಿಕೊಂಡಿರುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಕ್ಯಾಪ್ಸೂಲಿನ ಸ್ಟ್ರಿಪ್ಪಿನ ಹಿಂಬದಿಯನ್ನು ಓದಿ ನೋಡಿ. ಥೈರಾಯ್ಡ್ ಕಡಿಮೆಯಾದರೂ ಪ್ರೊಲ್ಯಾಕ್ಟಿನ್ ಏರುತ್ತದೆ, ಆಗ ಬೇಕಾದದ್ದು ಥೈರಾಕ್ಸಿನ್ ಮಾತ್ರ. ಮೂತ್ರಪಿಂಡದ ವೈಫಲ್ಯ, ಯಕೃತ್ತಿನ ಸಿರೋಸಿಸ್ ಕೂಡ ಕಾರಣವಾಗಬಲ್ಲವು. ಬಸಿರಿಯಲ್ಲಿ ಅದು ಏರುವುದು ಸಹಜವೇ. ಆದ್ದರಿಂದ ಗರ್ಭಪರೀಕ್ಷೆ, ಥೈರಾಯ್ಡ್‌ನ ಟಿಎಸ್‌ಎಚ್, ಮೂತ್ರಪಿಂಡದ ಕ್ರಿಯಾಟಿನಿನ್ ಇವಿಷ್ಟನ್ನು ನೋಡದೆ ಮುಂದುವರಿಯಬಾರದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಾನಸಿಕ ಚಿಕಿತ್ಸೆಯ ಮಾತ್ರೆಯಿಂದ ಪ್ರೊಲ್ಯಾಕ್ಟಿನ್ ಏರಿದೆ ಎಂದು ಗೊತ್ತಾದರೂ ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದರ ಮೇಲೆ ಕ್ಯಾಬರ್ಗೊಲಿನ್ ಕೂಡ ನುಂಗಬೇಡಿ. ಒಂದು ಡೋಪಮೈನ್ ತಡೆಯುವ ಔಷಧಿ, ಇನ್ನೊಂದು ಡೋಪಮೈನ್‌ನಂತೆಯೇ ವರ್ತಿಸುವ ಔಷಧಿ. ಎರಡು ಒಂದನ್ನೊಂದು ಎಳೆದಾಡಿ, ಹತೋಟಿಯಲ್ಲಿದ್ದ ಕಾಯಿಲೆ ಮತ್ತೆ ಕೆರಳಬಹುದು. ಮನೋವೈದ್ಯರು ಅರಿಪಿಪ್ರಜೋಲ್‌ನಂಥ ಬೇರೆ ಔಷಧಿಗೆ ಬದಲಾಯಿಸಬಹುದು. ಆ ನಿರ್ಧಾರ ಅವರದೇ ಆಗಿರಬೇಕು.

ಇದೆಲ್ಲ ಕಳೆದು ಉಳಿದದ್ದು ಪ್ರೊಲ್ಯಾಕ್ಟಿನ್ ತಯಾರಿಸುವ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ, ಅಂದರೆ ಪ್ರೊಲ್ಯಾಕ್ಟಿನೋಮ. ಗಡ್ಡೆ ಎಂದ ಕೂಡಲೇ ಎದೆ ಒಡೆದುಕೊಳ್ಳುವ ಅಗತ್ಯವಿಲ್ಲ. ಇದು ಕ್ಯಾನ್ಸರ್ ಆಗಿರುವುದು ಅತಿ ಅಪರೂಪ. 10 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಮೈಕ್ರೊ, ಅದಕ್ಕಿಂತ ದೊಡ್ಡದಾದರೆ ಮ್ಯಾಕ್ರೊ. ಪ್ರೊಲ್ಯಾಕ್ಟಿನ್ 250 ನ್ಯಾನೋಗ್ರಾಂ ದಾಟಿದ್ದರೆ ಪ್ರೊಲ್ಯಾಕ್ಟಿನೋಮದ ಸಾಧ್ಯತೆ ಬಲವಾಗುತ್ತದೆ. ಎಂಆರ್‌ಐನಲ್ಲಿ ಬಹಳ ದೊಡ್ಡ ಗಡ್ಡೆ ಕಂಡಿದ್ದೂ ರಕ್ತದಲ್ಲಿ ಅಂಕಿ ಅಷ್ಟೇನೂ ಏರಿಲ್ಲವೆಂದಾದರೆ, ಮಾದರಿಯನ್ನು ತೆಳು ಮಾಡಿ ಮತ್ತೆ ಅಳೆಯಬೇಕು. ಪ್ರೊಲ್ಯಾಕ್ಟಿನ್ ವಿಪರೀತವಿದ್ದಾಗ ಪರೀಕ್ಷೆಯೇ ಮೋಸಹೋಗಿ ಕಡಿಮೆ ತೋರಿಸುವುದುಂಟು.

ಎರಡು ಮಾತ್ರೆಗಳನ್ನು ಎದುರುಬದುರು ಇಟ್ಟರೆ

ಮೆದುಳಿನ ಹೈಪೊಥಲಮಸ್‌ನಿಂದ ಇಳಿದು ಬರುವ ಡೋಪಮೈನ್, ಪಿಟ್ಯುಟರಿಯ ಪ್ರೊಲ್ಯಾಕ್ಟಿನ್ ಉತ್ಪಾದನೆಗೆ ಬ್ರೇಕ್ ಇದ್ದಂತೆ. ಈ ಎರಡೂ ಮಾತ್ರೆಗಳು ಡೋಪಮೈನ್ ಕೂರುವ ಜಾಗದಲ್ಲೇ ಕೂತು ಅದೇ ಬ್ರೇಕ್ ಒತ್ತುತ್ತವೆ. ಹಾರ್ಮೋನು ಇಳಿಯುವುದಷ್ಟೇ ಅಲ್ಲ, ಗಡ್ಡೆಯೂ ಕುಗ್ಗುತ್ತದೆ.

ವ್ಯತ್ಯಾಸ ಶುರುವಾಗುವುದು ಎಷ್ಟು ಹೊತ್ತು ಒತ್ತಿ ಹಿಡಿಯುತ್ತವೆ ಎಂಬಲ್ಲಿ. ಬ್ರೊಮೊಕ್ರಿಪ್ಟಿನ್ ಕೆಲವೇ ಗಂಟೆ ನಿಲ್ಲುವ ಔಷಧಿ. ದಿನಾ, ಸಾಮಾನ್ಯವಾಗಿ ಎರಡು ಮೂರು ಸಲ, ಒಟ್ಟು 2.5ರಿಂದ 7.5 ಮಿಲಿಗ್ರಾಂವರೆಗೆ ಬೇಕಾಗುತ್ತದೆ. ಕ್ಯಾಬರ್ಗೊಲಿನ್‌ನ ಅರ್ಧಾಯುಷ್ಯವೇ, ಅಂದರೆ ರಕ್ತದಲ್ಲಿನ ಔಷಧಿ ಅರ್ಧಕ್ಕಿಳಿಯಲು ಬೇಕಾದ ಸಮಯವೇ, 60 ಗಂಟೆಗೂ ಮೇಲೆ. ಅದನ್ನು ವಾರಕ್ಕೆ ಎರಡು ಸಲ 0.25 ಮಿಲಿಗ್ರಾಂನಂತೆ, ಅಥವಾ ವಾರಕ್ಕೊಮ್ಮೆ 0.5 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ.

1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಹೋಲಿಕೆಗೆ ಇಂದಿಗೂ ಆಧಾರ. ಪ್ರೊಲ್ಯಾಕ್ಟಿನ್ ಏರಿ ಮುಟ್ಟು ನಿಂತಿದ್ದ 459 ಮಹಿಳೆಯರಲ್ಲಿ ಕೆಲವರಿಗೆ ಕ್ಯಾಬರ್ಗೊಲಿನ್, ಉಳಿದವರಿಗೆ ಬ್ರೊಮೊಕ್ರಿಪ್ಟಿನ್ ಕೊಟ್ಟು ನೋಡಲಾಯಿತು. ಹಾರ್ಮೋನು ಸಹಜ ಮಟ್ಟಕ್ಕೆ ಬಂದು ನಿಂತದ್ದು ಕ್ಯಾಬರ್ಗೊಲಿನ್ ಗುಂಪಿನಲ್ಲಿ ಶೇ. 83 ಮಂದಿಗೆ, ಬ್ರೊಮೊಕ್ರಿಪ್ಟಿನ್ ಗುಂಪಿನಲ್ಲಿ ಶೇ. 59 ಮಂದಿಗೆ. ಅಂಡೋತ್ಪತ್ತಿ ಮರಳಿದ್ದು ಅಥವಾ ಗರ್ಭ ನಿಂತದ್ದು ಶೇ. 72 ಮತ್ತು ಶೇ. 52. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಕೊನೆಯ ಅಂಕಿ. ಅಡ್ಡ ಪರಿಣಾಮ ತಾಳಲಾರದೆ ಔಷಧಿಯನ್ನೇ ಬಿಟ್ಟವರು ಕ್ಯಾಬರ್ಗೊಲಿನ್‌ನಲ್ಲಿ ಶೇ. 3, ಬ್ರೊಮೊಕ್ರಿಪ್ಟಿನ್‌ನಲ್ಲಿ ಶೇ. 12. ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ಔಷಧಿ ಒಗ್ಗಿದರೆ ಮಾತ್ರ ಉಪಯೋಗ.

ಆದರೆ ಕ್ಯಾಬರ್ಗೊಲಿನ್‌ನ ಈ ದೊಡ್ಡ ಅನುಕೂಲದಲ್ಲೇ ದೊಡ್ಡ ಅಪಾಯವೂ ಅಡಗಿದೆ. ಮಾತ್ರೆ ಎಂದರೆ ದಿನಾ ನುಂಗುವುದು ಎಂಬ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ವಾರದ ಮಾತ್ರೆಯನ್ನು ದಿನದ ಮಾತ್ರೆಯೆಂದು ತಿಳಿದು ನುಂಗುವುದು ಸುಲಭವಾಗಿ ಆಗಿಬಿಡಬಹುದು. ಆಗ ವಾರದಲ್ಲಿ ಮೂರೂವರೆ ಪಟ್ಟೋ ಏಳು ಪಟ್ಟೋ ಔಷಧಿ ಒಳಗೆ ಹೋಗಿರುತ್ತದೆ. ಆದ್ದರಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತಲ್ಲೇ ಪೆಟ್ಟಿಗೆಯ ಮೇಲೆ ದಪ್ಪ ಪೆನ್ನಿನಲ್ಲಿ ವಾರದ ಹೆಸರನ್ನೇ ಬರೆದುಕೊಳ್ಳಿ: ‘ಸೋಮವಾರ, ಗುರುವಾರ ರಾತ್ರಿ, ಅರ್ಧ ಮಾತ್ರೆ’. ‘ವಾರಕ್ಕೆ ಎರಡು’ ಎಂದಷ್ಟೇ ಬರೆದರೆ ಸಾಲದು. ಕ್ಯಾಲೆಂಡರಿನಲ್ಲೂ ಗುರುತು ಹಾಕಿ, ಮನೆಯ ಇನ್ನೊಬ್ಬರಿಗೂ ತಿಳಿಸಿಡಿ. ಒಂದು ಸರದಿ ತಪ್ಪಿತೆಂದು ಮುಂದಿನ ಸರದಿಯಲ್ಲಿ ಎರಡನ್ನೂ ಸೇರಿಸಿ ನೀವಾಗಿಯೇ ನುಂಗಬೇಡಿ, ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಡಬ್ಬಿಯೊಳಗೆ ತೇವ ಹೀರುವ ಪುಡಿಯ ಪೊಟ್ಟಣವಿದ್ದರೆ ಅದನ್ನು ತೆಗೆದು ಎಸೆಯಬೇಡಿ. ಈ ಮಾತ್ರೆಗೆ ತೇವ ಆಗದು.

ಮೊದಲ ರಾತ್ರಿ, ಮೊದಲ ತಿಂಗಳು

ವಾಕರಿಕೆ, ತಲೆಸುತ್ತು, ತಲೆನೋವು, ಮಲಬದ್ಧತೆ, ಮೂಗು ಕಟ್ಟುವುದು, ಮಂಪರು: ಇವು ಎರಡಕ್ಕೂ ಇವೆ, ಬ್ರೊಮೊಕ್ರಿಪ್ಟಿನ್‌ಗೆ ಹೆಚ್ಚು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಗ್ಗುತ್ತವೆ. ಮೊದಲ ಗುಳಿಗೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಬ್ರೊಮೊಕ್ರಿಪ್ಟಿನ್ ಆದರೆ 2.5 ಮಿಲಿಗ್ರಾಂ ಮಾತ್ರೆಯ ಅರ್ಧ, ರಾತ್ರಿ ಊಟದ ಜೊತೆ ಅಥವಾ ಏನಾದರೂ ತಿಂದು, ಮಲಗುವ ಹೊತ್ತಿಗೆ. ಬರಿಹೊಟ್ಟೆಯಲ್ಲಿ ಬೇಡವೇ ಬೇಡ. ರಾತ್ರಿ ಮೂತ್ರಕ್ಕೆ ಏಳಬೇಕಾದರೆ ಮೊದಲು ಮಗ್ಗುಲಾಗಿ, ಎದ್ದು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕುಳಿತು, ಆಮೇಲೆ ಗೋಡೆ ಹಿಡಿದು ನಿಲ್ಲಿ. ಈ ಔಷಧಿಗಳು ನಿಂತಾಗ ರಕ್ತದೊತ್ತಡವನ್ನು ದಿಢೀರನೆ ಇಳಿಸಬಲ್ಲವು. ಮೊದಲ ಸರದಿಯಲ್ಲೇ ಬವಳಿ ಬಂದು ಬೀಳುವುದುಂಟು. ಬಿಪಿ ಮಾತ್ರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮದ್ಯ ಸೇರಿದರೆ ತಲೆಸುತ್ತು, ಮಂಪರು ಇನ್ನೂ ಹೆಚ್ಚುತ್ತವೆ. ಔಷಧಿ ಒಗ್ಗುವವರೆಗೆ ವಾಹನ ಓಡಿಸಬೇಡಿ. ಎಚ್ಚರಿಕೆಯೇ ಇಲ್ಲದೆ ನಿದ್ದೆ ಆವರಿಸುವುದು ಅಪರೂಪವಾದರೂ ವರದಿಯಾಗಿದೆ.

ಪ್ರಮಾಣ ಏರಿಸುವುದಕ್ಕೆ ಅವಸರ ಬೇಡ. ಕ್ಯಾಬರ್ಗೊಲಿನ್ ಅನ್ನು ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ, ಪ್ರೊಲ್ಯಾಕ್ಟಿನ್ ಅಳೆದು ನೋಡಿದ ಮೇಲೆ ಮಾತ್ರ ಹೆಚ್ಚಿಸುತ್ತಾರೆ. ಬ್ರೊಮೊಕ್ರಿಪ್ಟಿನ್ ಹೊಟ್ಟೆಗೆ ಒಗ್ಗಲೇ ಇಲ್ಲವೆಂದರೆ ತಿಂಗಳುಗಟ್ಟಲೆ ಒದ್ದಾಡುವುದಕ್ಕಿಂತ ಕ್ಯಾಬರ್ಗೊಲಿನ್‌ಗೆ ಬದಲಾಯಿಸಿಕೊಳ್ಳುವುದೇ ಸರಿ ಎಂದು ನಾನು ಹೇಳುತ್ತೇನೆ. ಬ್ರೊಮೊಕ್ರಿಪ್ಟಿನ್‌ಗೆ ಬಗ್ಗದ ಪ್ರೊಲ್ಯಾಕ್ಟಿನ್ ಕೂಡ ಎಷ್ಟೋ ಸಲ ಕ್ಯಾಬರ್ಗೊಲಿನ್‌ಗೆ ಬಗ್ಗುತ್ತದೆ.

ಹೃದಯ ಕವಾಟದ ಭಯ ಎಷ್ಟು ನಿಜ?

ಕ್ಯಾಬರ್ಗೊಲಿನ್ ಬಗ್ಗೆ ಓದಿದವರೆಲ್ಲರ ಕಣ್ಣಿಗೆ ಇದು ಬಿದ್ದೇ ಇರುತ್ತದೆ. 2007ರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಕ್ಯಾಬರ್ಗೊಲಿನ್ ಮತ್ತು ಪರ್ಗೊಲೈಡ್ ತೆಗೆದುಕೊಳ್ಳುತ್ತಿದ್ದವರಲ್ಲಿ ಹೃದಯದ ಕವಾಟ ದಪ್ಪಗಾಗಿ ಸೋರುವ ತೊಂದರೆ ಹೆಚ್ಚೆಂದು ಎರಡು ಅಧ್ಯಯನಗಳು ತೋರಿಸಿದವು. ಕವಾಟದ ಮೇಲಿರುವ ಒಂದು ಬಗೆಯ ಸಿರೊಟೋನಿನ್ ಗ್ರಾಹಕವನ್ನು ಈ ಔಷಧಿಗಳು ಕೆರಳಿಸುವುದೇ ಕಾರಣ. ಆದರೆ ಪಾರ್ಕಿನ್ಸನ್‌ಗೆ ಕೊಡುತ್ತಿದ್ದದ್ದು ದಿನಕ್ಕೆ 3 ಮಿಲಿಗ್ರಾಂನಷ್ಟು, ಕೆಲವೊಮ್ಮೆ ಅದಕ್ಕೂ ಮೇಲೆ. ಪ್ರೊಲ್ಯಾಕ್ಟಿನ್‌ಗೆ ಬೇಕಾಗುವುದು ಬಹುತೇಕ ವಾರಕ್ಕೆ 0.5ರಿಂದ 2 ಮಿಲಿಗ್ರಾಂ. ದಿನಕ್ಕೂ ವಾರಕ್ಕೂ ಇರುವ ಈ ಅಂತರ ಮರೆತು ಹೆದರಿ, ಒಗ್ಗಿದ್ದ ಔಷಧಿಯನ್ನು ಬಿಟ್ಟರೆ ನಷ್ಟ ನಿಮ್ಮದೇ.

ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ಶುರು ಮಾಡುವ ಮುನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿಸಿಕೊಳ್ಳುವುದು, ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿಡುವುದು ಒಳ್ಳೆಯ ಪದ್ಧತಿ. 2019ರಲ್ಲಿ ಬ್ರಿಟನ್ನಿನ ಎಕೋಕಾರ್ಡಿಯೋಗ್ರಫಿ, ಹೃದಯ ಕವಾಟ ಮತ್ತು ಎಂಡೊಕ್ರೈನಾಲಜಿ ತಜ್ಞರ ಸಂಘಗಳು ಸೇರಿ ಕೊಟ್ಟ ಸಲಹೆ ನನಗೆ ವಿವೇಕದ್ದೆನಿಸುತ್ತದೆ. ವಾರಕ್ಕೆ 2 ಮಿಲಿಗ್ರಾಂವರೆಗಿನವರಿಗೆ ಆರಂಭದ ಎಕೋ ನಂತರ ಐದು ವರ್ಷಕ್ಕೆ ಮತ್ತೊಂದು, ಅದಕ್ಕಿಂತ ಹೆಚ್ಚು ಬೇಕಾದವರಿಗೆ ವರ್ಷಕ್ಕೊಮ್ಮೆ. ಐರೋಪ್ಯ ಔಷಧ ನಿಯಂತ್ರಕರ ನಿಯಮ ಇನ್ನೂ ಬಿಗಿ. ಅಲ್ಲಿ ಎಕೋ ಬೇಗ ಬೇಗ ಕೇಳುತ್ತಾರೆ. ಕವಾಟದ ಕಾಯಿಲೆ ಮೊದಲೇ ಇದ್ದವರಿಗೆ, ಶ್ವಾಸಕೋಶ ಅಥವಾ ಹೃದಯದ ಪೊರೆ ಗಟ್ಟಿಯಾಗುವ ಫೈಬ್ರೋಸಿಸ್ ಆಗಿದ್ದವರಿಗೆ, ರಕ್ತದೊತ್ತಡ ಹತೋಟಿಗೆ ಬಾರದವರಿಗೆ ಕ್ಯಾಬರ್ಗೊಲಿನ್ ಸಲ್ಲದು. ಕವಾಟವೊಂದೇ ತೊಡಕಾಗಿದ್ದರೆ ಬೇರೆ ದಾರಿಗಳಿವೆ. ಕ್ವಿನಗೊಲೈಡ್ ಎಂಬ ಮೂರನೆಯ ಔಷಧಿ ಕೆಲವು ದೇಶಗಳಲ್ಲಿ ಸಿಗುತ್ತದೆ. ಮೊದಲಿನ ಎರಡರಂತೆ ಅದು ಎರ್ಗಾಟ್ ಎಂಬ ಶಿಲೀಂಧ್ರದ ಮೂಲದ್ದಲ್ಲ, ದಿನಕ್ಕೊಮ್ಮೆ ಮಲಗುವಾಗ ತೆಗೆದುಕೊಳ್ಳುವಂಥದ್ದು.

ಮನಸ್ಸಿನ ಮೇಲಿನ ಪರಿಣಾಮ

ಈ ವಿಷಯವನ್ನು ಚೀಟಿ ಬರೆಯುವ ಹೊತ್ತಿನಲ್ಲಿ ಅಷ್ಟಾಗಿ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಡೋಪಮೈನ್ ಸಂತಸ, ಹಂಬಲ, ಚಟ ಇವುಗಳ ದಾರಿಯಲ್ಲೂ ಕೆಲಸ ಮಾಡುವ ರಾಸಾಯನಿಕ. ಹಾಗಾಗಿ ಈ ಔಷಧಿ ಶುರುವಾದ ಮೇಲೆ ಕೆಲವರಲ್ಲಿ ತಡೆಯಲಾಗದ ಜೂಜಿನ ಗೀಳು, ಮಿತಿಮೀರಿದ ಖರೀದಿ, ಅತಿಯಾದ ಕಾಮಾಸಕ್ತಿ, ಹೊಟ್ಟೆಬಾಕತನ ಕಾಣಿಸಿಕೊಳ್ಳುತ್ತವೆ. ಇದು ಕ್ಯಾಬರ್ಗೊಲಿನ್, ಬ್ರೊಮೊಕ್ರಿಪ್ಟಿನ್ ಎರಡಕ್ಕೂ ಅನ್ವಯ, ಕಡಿಮೆ ಪ್ರಮಾಣದಲ್ಲೂ ಆಗಬಹುದು. ಆಗುತ್ತಿರುವವರಿಗೆ ಇದು ಔಷಧಿಯ ಪರಿಣಾಮವೆಂದು ಹೊಳೆಯುವುದೇ ಇಲ್ಲ. ನಾಚಿಕೆಯಿಂದ ಮುಚ್ಚಿಡುತ್ತಾರೆ, ಸಾಲ ಮಾಡಿಕೊಳ್ಳುತ್ತಾರೆ, ಸಂಸಾರದಲ್ಲಿ ಬಿರುಕು ಬಿಡುತ್ತದೆ. ಇದು ನಿಮ್ಮ ಗುಣದೋಷವಲ್ಲ. ಪ್ರಮಾಣ ಇಳಿಸಿದರೆ ಅಥವಾ ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುವಂಥದ್ದು. ಔಷಧಿ ಆರಂಭಿಸುವ ದಿನವೇ ಗಂಡನಿಗೋ ಹೆಂಡತಿಗೋ ಅಕ್ಕನಿಗೋ ‘ನನ್ನ ನಡವಳಿಕೆಯಲ್ಲಿ ವಿಚಿತ್ರವೇನಾದರೂ ಕಂಡರೆ ಹೇಳು’ ಎಂದು ಹೇಳಿಡಿ. ಈ ಹಿಂದೆ ಸೈಕೋಸಿಸ್ (ಭ್ರಮೆ ಕಾಡುವ ಮಾನಸಿಕ ಕಾಯಿಲೆ) ಆಗಿದ್ದವರು, ಜೂಜಿನ ಚಟವಿದ್ದವರು ಆ ಇತಿಹಾಸವನ್ನು ವೈದ್ಯರಿಂದ ಮುಚ್ಚಿಡಬಾರದು. ಅವರ ಮಟ್ಟಿಗೆ ಇವೆರಡಕ್ಕಿಂತ ಶಸ್ತ್ರಚಿಕಿತ್ಸೆಯೇ ಉತ್ತಮವಾಗಬಹುದು.

ಮಗು ಬೇಕೆನ್ನುವವರಿಗೆ, ಬೇಡವೆನ್ನುವವರಿಗೆ

ಪ್ರೊಲ್ಯಾಕ್ಟಿನ್ ಇಳಿದಾಗ ಮೊದಲು ಮರಳುವುದು ಅಂಡೋತ್ಪತ್ತಿ, ಆಮೇಲೆ ಮುಟ್ಟು. ಅಂದರೆ ಮೊದಲ ಮುಟ್ಟಿನ ಮುನ್ನವೇ ಗರ್ಭ ನಿಲ್ಲಬಹುದು. ಮಗು ಸದ್ಯಕ್ಕೆ ಬೇಡವೆನ್ನುವವರು ಮಾತ್ರೆಯ ಮೊದಲ ದಿನದಿಂದಲೇ ಕಾಂಡೋಮ್ ಅಥವಾ ಬೇರೆ ವಿಧಾನ ಬಳಸಬೇಕು.

ಮಗು ಬೇಕೆನ್ನುವವರ ವಿಷಯದಲ್ಲಿ ಬ್ರೊಮೊಕ್ರಿಪ್ಟಿನ್‌ಗೆ ಒಂದು ಬಲವಿದೆ. ಅದು ಹಳೆಯ ಔಷಧಿ. ಗರ್ಭ ನಿಂತಾಗ ಅದನ್ನು ತೆಗೆದುಕೊಳ್ಳುತ್ತಿದ್ದ ಸಾವಿರಾರು ತಾಯಂದಿರ ಮಾಹಿತಿ ಸಂಗ್ರಹವಾಗಿದ್ದು, ಗರ್ಭಪಾತವಾಗಲಿ ಹುಟ್ಟುದೋಷವಾಗಲಿ ಹೆಚ್ಚಿದ್ದು ಕಂಡಿಲ್ಲ. ಕ್ಯಾಬರ್ಗೊಲಿನ್‌ನ ಮಾಹಿತಿಯೂ ಭರವಸೆ ಕೊಡುವಂತೆಯೇ ಇದೆ, ಆದರೆ ಸಂಖ್ಯೆ ಕಡಿಮೆ. ಅದಲ್ಲದೆ ಬ್ರೊಮೊಕ್ರಿಪ್ಟಿನ್ ನಿಲ್ಲಿಸಿದರೆ ದೇಹದಿಂದ ಬೇಗ ಹೊರಹೋಗುತ್ತದೆ, ಕ್ಯಾಬರ್ಗೊಲಿನ್ ವಾರಗಟ್ಟಲೆ ಉಳಿಯುತ್ತದೆ. ಕ್ಯಾಬರ್ಗೊಲಿನ್ ಚೆನ್ನಾಗಿ ಒಗ್ಗಿ, ಮುಟ್ಟು ಮರಳಿದವರು ಗರ್ಭಧಾರಣೆಗಾಗಿಯೇ ಬದಲಾಯಿಸಬೇಕೆಂದು ನಾನು ಹೇಳುವುದಿಲ್ಲ. ವಾಕರಿಕೆಯಿಂದ ಔಷಧಿ ತಪ್ಪಿ ಅಂಡೋತ್ಪತ್ತಿ ನಿಂತರೆ ಲಾಭವೇನು? ಮೈಕ್ರೊ ಗಡ್ಡೆಯವರಲ್ಲಿ ಗರ್ಭ ಖಚಿತವಾದ ಕೂಡಲೇ ಸಾಮಾನ್ಯವಾಗಿ ಔಷಧಿ ನಿಲ್ಲಿಸುತ್ತಾರೆ; ಗಡ್ಡೆ ತೊಂದರೆ ಕೊಡುವಷ್ಟು ಬೆಳೆಯುವುದು ನೂರರಲ್ಲಿ ಎರಡು ಮೂರು ಮಂದಿಗಷ್ಟೇ. ಮ್ಯಾಕ್ರೊ ಗಡ್ಡೆಯವರ ಲೆಕ್ಕ ಬೇರೆ. ಅವರಲ್ಲಿ ಬೆಳೆಯುವ ಸಾಧ್ಯತೆ ಬಹಳ ಹೆಚ್ಚು, ಆದ್ದರಿಂದ ಗರ್ಭಕ್ಕೆ ಮುನ್ನವೇ ಯೋಜನೆ ಬೇಕು, ಪ್ರತಿ ಮೂರು ತಿಂಗಳಿಗೆ ದೃಷ್ಟಿಯ ಪರೀಕ್ಷೆ ಬೇಕು. ಬಸಿರಿನಲ್ಲಿ ಪ್ರೊಲ್ಯಾಕ್ಟಿನ್ ಅಳೆಯುವುದರಿಂದ ಏನೂ ತಿಳಿಯದು, ಅದು ಏರಿಯೇ ಇರುತ್ತದೆ.

ಮಗು ಬೇಡ, ಮೈಕ್ರೊ ಗಡ್ಡೆ, ಮುಟ್ಟು ಸರಿಯಾಗಿದೆ, ಹಾಲು ಒಸರುವುದು ತೊಂದರೆ ಎನಿಸುತ್ತಿಲ್ಲ ಎನ್ನುವವರು ಏನನ್ನೂ ತೆಗೆದುಕೊಳ್ಳದೆ ಕಾದು ನೋಡಬಹುದು. ಮುಟ್ಟು ನಿಂತಿದ್ದರೆ ಮಾತ್ರ ಸುಮ್ಮನಿರುವಂತಿಲ್ಲ. ಈಸ್ಟ್ರೊಜೆನ್ ಇಲ್ಲದೆ ಮೂಳೆ ಸವೆಯುತ್ತದೆ. ಅಂಥವರಿಗೆ ಗರ್ಭನಿರೋಧಕ ಮಾತ್ರೆಯೂ ಒಂದು ಒಪ್ಪಿತ ಆಯ್ಕೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಶಸ್ತ್ರಚಿಕಿತ್ಸೆಗೆ ಯಾರು?

ಹಿಂದೆ ಇದು ಮಾತ್ರೆ ಸೋತ ಮೇಲಿನ ಮಾತಾಗಿತ್ತು. 2023ರಲ್ಲಿ ಪಿಟ್ಯುಟರಿ ಸೊಸೈಟಿಯ ತಜ್ಞರು ತಮ್ಮ ಸಲಹೆಯನ್ನು ಬದಲಿಸಿ, ಮೈಕ್ರೊ ಗಡ್ಡೆಗಳಿಗೂ, ಅಂಚು ಸ್ಪಷ್ಟವಾಗಿರುವ ಕೆಲವು ಮ್ಯಾಕ್ರೊ ಗಡ್ಡೆಗಳಿಗೂ ಮೂಗಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯನ್ನು ಆರಂಭದಲ್ಲೇ ಚರ್ಚಿಸಬೇಕೆಂದರು. ವರ್ಷಗಟ್ಟಲೆ ಮಾತ್ರೆ ಬೇಡವೆನ್ನುವ ಎಳೆಯ ವಯಸ್ಸಿನವರಿಗೆ ಇದು ನಿಜವಾದ ಆಯ್ಕೆ. ಷರತ್ತು ಒಂದೇ: ಪಿಟ್ಯುಟರಿ ಶಸ್ತ್ರಚಿಕಿತ್ಸೆಯನ್ನೇ ನಿತ್ಯ ಮಾಡುವ ಕೈ ಬೇಕು.

ಯಾವ ಮಾತ್ರೆಯಲ್ಲಿದ್ದರೂ ಎಚ್ಚರ

ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್, ಕೀಟೊಕೊನಜೋಲ್‌ನಂಥ ಫಂಗಸ್ ಮಾತ್ರೆ ಇವು ಈ ಔಷಧಿಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲವು. ವಾಂತಿಗೆಂದು ಡೊಂಪೆರಿಡೋನ್ ನುಂಗಿದರೆ ಚಿಕಿತ್ಸೆಯೇ ಉಲ್ಟಾ ಹೊಡೆಯುತ್ತದೆ. ಮೈಗ್ರೇನ್‌ಗೆ ಎರ್ಗೊಟಮೈನ್ ಬೇಡ. ದೇಹ ಕಟ್ಟುವ ಹುಡುಗರು ಸ್ಟೀರಾಯ್ಡ್ ಜೊತೆಗೆ ಕ್ಯಾಬರ್ಗೊಲಿನ್ ಅನ್ನು ಪರೀಕ್ಷೆಯಿಲ್ಲದೆ, ಚೀಟಿಯಿಲ್ಲದೆ ನುಂಗುವುದೂ ನಡೆಯುತ್ತಿದೆ. ಮೇಲೆ ಹೇಳಿದ ಅಪಾಯಗಳೆಲ್ಲ ಅವರಿಗೂ ಇವೆ, ಕಾಯುವ ವೈದ್ಯರು ಮಾತ್ರ ಇಲ್ಲ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಎಂದೂ ಇಲ್ಲದ ಸಿಡಿಯುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಅಥವಾ ಎರಡಾಗಿ ಕಾಣುವುದು ಇವು ಒಟ್ಟಿಗೆ ಬಂದರೆ ಗಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ದೊಡ್ಡ ಗಡ್ಡೆ ಬೇಗ ಕುಗ್ಗಿದವರಲ್ಲಿ ಬಗ್ಗಿದಾಗ ಮೂಗಿನ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದನ್ನು ನೆಗಡಿ ಎಂದುಕೊಳ್ಳಬೇಡಿ. ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು, ಸೋಂಕಿನ ಅಪಾಯವಿದೆ. ಉಸಿರಾಟ ಕಷ್ಟವಾಗುವುದು, ಕಾಲು ಬಾತುಕೊಳ್ಳುವುದು, ಬಿಡದ ಒಣಕೆಮ್ಮು ಇವನ್ನೂ ತಡಮಾಡದೆ ತಿಳಿಸಿ.

ಎಷ್ಟು ಕಾಲ?

ಕನಿಷ್ಠ ಎರಡು ವರ್ಷ ಚಿಕಿತ್ಸೆಯಾಗಿ, ಪ್ರೊಲ್ಯಾಕ್ಟಿನ್ ಸಹಜವಾಗಿದ್ದು, ಎಂಆರ್‌ಐನಲ್ಲಿ ಗಡ್ಡೆ ಕಾಣದಂತಾಗಿದ್ದರೆ, ಪ್ರಮಾಣ ಇಳಿಸುತ್ತ ನಿಲ್ಲಿಸಿ ನೋಡಬಹುದು. ಎಷ್ಟೋ ಜನರಲ್ಲಿ ಮತ್ತೆ ಏರುತ್ತದೆ, ಹೆಚ್ಚಾಗಿ ಮೊದಲ ವರ್ಷದಲ್ಲೇ. ಮುಟ್ಟು ನಿಲ್ಲುವ ವಯಸ್ಸು ದಾಟಿದ, ಚಿಕ್ಕ ಗಡ್ಡೆಯಿದ್ದ ಮಹಿಳೆಯರಿಗೆ ಬಹುಪಾಲು ಔಷಧಿ ಮತ್ತೆ ಬೇಕಾಗುವುದೇ ಇಲ್ಲ. ದೊಡ್ಡ ಗಡ್ಡೆಯವರು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಅದು ಮತ್ತೆ ಬೆಳೆದು ದೃಷ್ಟಿಯ ನರವನ್ನು ಒತ್ತಬಹುದು. ನಿಲ್ಲಿಸಿದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಅಂಕಿ ಮಿತಿ ದಾಟಿದರೆ ಆಗ ಎಂಆರ್‌ಐ.